ಮನೆಯೂಟದೊಂದಿಗೆ ಕೆಂಪು ವೈನ್

ಮನೆಯೂಟದೊಂದಿಗೆ ಕೆಂಪು ವೈನ್ ಎಂಬುದು ದಿನನಿತ್ಯದ ಸರಳ ಅಡುಗೆಯ ಜೊತೆಗೆ ಕಡಿಮೆ ಬೆಲೆಯ ಕೆಂಪು ದ್ರಾಕ್ಷಾರಸವನ್ನು ಮಿತಪ್ರಮಾಣದಲ್ಲಿ ಸೇವಿಸುವ ಕ್ರಮ. ಫ್ರಾನ್ಸ್, ಇಟಲಿ, ಸ್ಪೇನ್ ಮೊದಲಾದ ಮೆಡಿಟರೇನಿಯನ್ ಸುತ್ತಲಿನ ದೇಶಗಳಲ್ಲಿ ಇದು ಶತಮಾನಗಳಿಂದ ಬಂದ ಪದ್ಧತಿ. ಕರ್ನಾಟಕದಲ್ಲಿ ಇದು ಹೊಸತು. ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳಂಥ ಗ್ರಾಮೀಣ ಪ್ರದೇಶಗಳಲ್ಲಿ ಊಟದ ಜೊತೆ ವೈನ್ ಕುಡಿಯುವುದು ಸಾಂಪ್ರದಾಯಿಕ ರೂಢಿಯಲ್ಲ. ಆದರೆ ಕರ್ನಾಟಕವು ಭಾರತದ ಪ್ರಮುಖ ವೈನ್ ತಯಾರಿಕಾ ರಾಜ್ಯಗಳಲ್ಲೊಂದು. ಇಲ್ಲಿಯ ದ್ರಾಕ್ಷಿಯಿಂದಲೇ ತಯಾರಾದ ವೈನ್ ಜಿಲ್ಲೆಯ ಅಂಗಡಿಗಳಿಗೂ ಬರುವುದರಿಂದ, ಈ ಸೀಮೆಯ ಊಟಕ್ಕೂ ಈ ಪಾನೀಯಕ್ಕೂ ಇರುವ ಹೊಂದಿಕೆ, ಅದರ ಖರ್ಚು ಮತ್ತು ಅದರ ಅಪಾಯಗಳನ್ನು ತಿಳಿಯುವುದು ಉಪಯುಕ್ತ.

ಹೆಸರು

ಕನ್ನಡದಲ್ಲಿ ವೈನ್‌ಗೆ ದ್ರಾಕ್ಷಾರಸ ಎಂಬ ಹೆಸರಿದೆ. ಕನ್ನಡ ಬೈಬಲ್ಲಿನಲ್ಲಿಯೂ ಸರ್ಕಾರಿ ಬಳಕೆಯಲ್ಲಿಯೂ ಇದೇ ಪದ ಕಾಣುತ್ತದೆ. ಆದರೆ ಹುದುಗದ ಹಣ್ಣಿನ ರಸಕ್ಕೂ ಇದೇ ಪದ ಸಲ್ಲುವುದರಿಂದ ಆಡುಮಾತಿನಲ್ಲಿ 'ವೈನ್' ಎಂಬುದೇ ಹೆಚ್ಚು ಪ್ರಚಾರದಲ್ಲಿದೆ. ಇನ್ನೊಂದು ಗೊಂದಲವೂ ಉಂಟು. ಮೈಸೂರು ಸೀಮೆಯಲ್ಲಿ 'ವೈನ್ ಶಾಪ್', 'ವೈನ್ಸ್' ಎಂಬ ಫಲಕವಿರುವ ಅಂಗಡಿಗಳಲ್ಲಿ ಮುಖ್ಯವಾಗಿ ಮಾರಾಟವಾಗುವುದು ವಿಸ್ಕಿ, ಬ್ರಾಂದಿ, ರಮ್ ಮತ್ತು ಬಿಯರ್. ಹೀಗಾಗಿ ವೈನ್ ಎಂದರೆ ಯಾವುದೇ ಮದ್ಯ ಎಂಬ ಅರ್ಥ ಹಲವರಲ್ಲಿ ಬೇರೂರಿದೆ. ಬಟ್ಟಿ ಇಳಿಸಿದ ಮದ್ಯಕ್ಕೂ ಹಣ್ಣಿನ ರಸವನ್ನು ಹುದುಗಿಸಿ ಮಾತ್ರ ತಯಾರಿಸುವ ವೈನ್‌ಗೂ ತಯಾರಿಕೆಯಲ್ಲಿಯೂ ತೀಕ್ಷ್ಣತೆಯಲ್ಲಿಯೂ ವ್ಯತ್ಯಾಸವಿದೆ.

ಆಯುರ್ವೇದದ ದ್ರಾಕ್ಷಾರಿಷ್ಟವೂ ದ್ರಾಕ್ಷಿಯನ್ನು ಹುದುಗಿಸಿ ಮಾಡುವಂಥದೇ. ಒಣದ್ರಾಕ್ಷಿ, ಬೆಲ್ಲ, ಧಾತಕಿ ಹೂವು ಮತ್ತು ಇತರ ಮೂಲಿಕೆಗಳಿಂದ ಸಿದ್ಧವಾಗುವ ಈ ಔಷಧದಲ್ಲಿ ಸ್ವಲ್ಪ ಮದ್ಯಸಾರ ತಾನಾಗಿಯೇ ಉತ್ಪತ್ತಿಯಾಗುತ್ತದೆ. 1913ರಲ್ಲಿ ಬಿ. ವಿ. ಪಂಡಿತರು ಸ್ಥಾಪಿಸಿದ ಸದ್ವೈದ್ಯಶಾಲೆಯಿಂದಾಗಿ ಆಯುರ್ವೇದಕ್ಕೆ ಹೆಸರಾದ ನಂಜನಗೂಡಿನ ಜನರಿಗೆ ಅರಿಷ್ಟ, ಆಸವಗಳು ಅಪರಿಚಿತವಲ್ಲ. ಆದರೆ ಅರಿಷ್ಟವು ಚಮಚದ ಲೆಕ್ಕದಲ್ಲಿ ವೈದ್ಯರ ಸಲಹೆಯಂತೆ ತೆಗೆದುಕೊಳ್ಳುವ ಔಷಧ, ವೈನ್ ರುಚಿಗಾಗಿ ಕುಡಿಯುವ ಮದ್ಯ. ಒಂದರ ಗುಣವನ್ನು ಇನ್ನೊಂದಕ್ಕೆ ಆರೋಪಿಸುವುದು ಸರಿಯಲ್ಲ.

ಕರ್ನಾಟಕದ ದ್ರಾಕ್ಷಿ ಮತ್ತು ವೈನ್

ರಾಜ್ಯದ ದಕ್ಷಿಣ ಭಾಗದಲ್ಲಿ ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ ಮತ್ತು ಕೋಲಾರ ಜಿಲ್ಲೆಗಳು, ಉತ್ತರದಲ್ಲಿ ವಿಜಯಪುರ, ಬಾಗಲಕೋಟೆ ಮತ್ತು ಬೆಳಗಾವಿ ಜಿಲ್ಲೆಗಳು ದ್ರಾಕ್ಷಿಗೆ ಪ್ರಸಿದ್ಧವಾಗಿವೆ. ದಕ್ಷಿಣದ ವಿಶಿಷ್ಟ ತಳಿ 'ಬೆಂಗಳೂರು ನೀಲಿ'. ದಪ್ಪ ಸಿಪ್ಪೆ, ಬೀಜ ಮತ್ತು ಘಾಟುಮಿಶ್ರಿತ ಪರಿಮಳವುಳ್ಳ ಈ ಹಣ್ಣಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ವರ್ಷಕ್ಕೆ ಎರಡು ಫಸಲು ಕೊಡುವ ಈ ತಳಿಯನ್ನು ತಿನ್ನಲು, ಹಣ್ಣಿನ ರಸಕ್ಕೆ ಮತ್ತು ಕಡಿಮೆ ಬೆಲೆಯ ಸಿಹಿ ವೈನ್‌ಗೆ ಬಳಸುತ್ತಾರೆ.

ಯುರೋಪಿನ ವೈನ್ ತಳಿಗಳ ಕೃಷಿಯನ್ನು ರಾಜ್ಯದಲ್ಲಿ ವ್ಯವಸ್ಥಿತವಾಗಿ ಆರಂಭಿಸಿದವರಲ್ಲಿ ಕನ್ವಲ್ ಗ್ರೋವರ್ ಪ್ರಮುಖರು. 1988ರಲ್ಲಿ ಸ್ಥಾಪನೆಯಾದ ಗ್ರೋವರ್ ಸಂಸ್ಥೆಯ ತೋಟಗಳು ನಂದಿಬೆಟ್ಟದ ತಪ್ಪಲಿನಲ್ಲಿ ದೊಡ್ಡಬಳ್ಳಾಪುರದ ಬಳಿ ಇವೆ. 2012ರಲ್ಲಿ ಅದು ನಾಸಿಕದ ಸಂಸ್ಥೆಯೊಂದರೊಡನೆ ವಿಲೀನಗೊಂಡು ಗ್ರೋವರ್ ಜಂಪಾ ಎಂದಾಯಿತು. ಬೆಂಗಳೂರು–ಮೈಸೂರು ಹೆದ್ದಾರಿಯ ಚನ್ನಪಟ್ಟಣದ ಬಳಿಯೂ ವೈನ್ ತಯಾರಿಕಾ ಘಟಕವಿದೆ. ಕ್ಯಾಬರ್ನೆ ಸುವಿನ್ಯೋ, ಶಿರಾಜ್ ಮತ್ತು ಮೆರ್ಲೋ ರಾಜ್ಯದ ಕೆಂಪು ವೈನ್‌ಗಳಿಗೆ ಬಳಕೆಯಾಗುವ ಮುಖ್ಯ ತಳಿಗಳು.

ರಾಜ್ಯ ಸರ್ಕಾರವು 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಪ್ರಕಟಿಸಿ ದ್ರಾಕ್ಷಾರಸ ಮಂಡಳಿಯನ್ನು ಸ್ಥಾಪಿಸಿತು. ಬೆಳೆಗಾರರಿಗೆ ನೆರವಾಗುವುದು, ವೈನ್ ಮಾರಾಟಕ್ಕೆ ಪ್ರತ್ಯೇಕ ಪರವಾನಗಿ ಕೊಡುವುದು ಈ ನೀತಿಯ ಭಾಗ. ದ್ರಾಕ್ಷಿಯ ಬೆಲೆ ಕುಸಿದಾಗ ರೈತನಿಗೆ ಮತ್ತೊಂದು ಮಾರುಕಟ್ಟೆ ಇರಬೇಕೆಂಬುದು ಇದರ ಹಿಂದಿನ ಆಲೋಚನೆ.

ತಯಾರಿಕೆ

ಕಪ್ಪು ದ್ರಾಕ್ಷಿಯ ತಿರುಳಿನ ರಸಕ್ಕೆ ಸಾಮಾನ್ಯವಾಗಿ ಬಣ್ಣವಿರುವುದಿಲ್ಲ. ಬಣ್ಣವಿರುವುದು ಸಿಪ್ಪೆಯಲ್ಲಿ. ಆದ್ದರಿಂದ ಕೆಂಪು ವೈನ್ ಮಾಡುವಾಗ ಹಣ್ಣನ್ನು ಜಜ್ಜಿ, ಸಿಪ್ಪೆ ಮತ್ತು ಬೀಜಗಳ ಸಮೇತ ಹುದುಗಲು ಬಿಡುತ್ತಾರೆ. ಯೀಸ್ಟ್ ಎಂಬ ಸೂಕ್ಷ್ಮಜೀವಿಯು ಸಕ್ಕರೆಯನ್ನು ಮದ್ಯಸಾರವಾಗಿಯೂ ಇಂಗಾಲದ ಡೈಆಕ್ಸೈಡ್ ಆಗಿಯೂ ಪರಿವರ್ತಿಸುತ್ತದೆ. ಈ ಅವಧಿಯಲ್ಲಿ ಸಿಪ್ಪೆಯಿಂದ ಬಣ್ಣವೂ, ಸಿಪ್ಪೆ ಮತ್ತು ಬೀಜದಿಂದ ಟ್ಯಾನಿನ್ ಎಂಬ ಒಗರಿನ ಅಂಶವೂ ರಸಕ್ಕಿಳಿಯುತ್ತವೆ. ಎಳೆಯ ಬಾಳೆಕಾಯಿ ಅಥವಾ ಕಡುಚಹಾ ನಾಲಗೆಯನ್ನು ಹಿಡಿದಂತೆ ಮಾಡುವ ಗುಣವೇ ಟ್ಯಾನಿನ್ನಿನದು. ದುಬಾರಿ ವೈನ್‌ಗಳನ್ನು ಓಕ್ ಮರದ ಪೀಪಾಯಿಗಳಲ್ಲಿ ತಿಂಗಳುಗಟ್ಟಲೆ ಇಡುತ್ತಾರೆ. ಕಡಿಮೆ ಬೆಲೆಯವನ್ನು ಹೆಚ್ಚಾಗಿ ಉಕ್ಕಿನ ತೊಟ್ಟಿಗಳಲ್ಲಿಯೇ ಸಿದ್ಧಪಡಿಸಿ ಬೇಗ ಮಾರುಕಟ್ಟೆಗೆ ಬಿಡುತ್ತಾರೆ. ಇಂಥ ವೈನ್ ವರ್ಷಗಟ್ಟಲೆ ಇಟ್ಟರೆ ಉತ್ತಮವಾಗುವುದಿಲ್ಲ. ಕೊಂಡ ಒಂದೆರಡು ವರ್ಷದೊಳಗೆ ಬಳಸುವುದೇ ಲೇಸು.

ನಂಜನಗೂಡು ಮತ್ತು ತಿ. ನರಸೀಪುರದ ಊಟ

ಈ ಎರಡೂ ತಾಲ್ಲೂಕುಗಳು ನದೀತೀರದವು. ಕಪಿಲಾ ಎಂದೂ ಕರೆಯಲಾಗುವ ಕಬಿನಿ ನದಿಯ ದಂಡೆಯಲ್ಲಿ ಶ್ರೀಕಂಠೇಶ್ವರನ ಕ್ಷೇತ್ರವಾದ ನಂಜನಗೂಡು ಇದ್ದರೆ, ಅದೇ ನದಿಯು ಕಾವೇರಿಯನ್ನು ಕೂಡುವ ಸ್ಥಳದಲ್ಲಿ ತಿರುಮಕೂಡಲು ನರಸೀಪುರವಿದೆ. ಗುಪ್ತಗಾಮಿನಿಯಾದ ಸ್ಫಟಿಕ ಸರೋವರವನ್ನೂ ಸೇರಿಸಿ ತ್ರಿವೇಣಿ ಸಂಗಮವೆಂದು ನಂಬಲಾಗುವ ಇಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುತ್ತದೆ. ನಾಲೆಯ ನೀರುಂಡ ಗದ್ದೆಗಳಲ್ಲಿ ಭತ್ತ, ಮಳೆಯಾಶ್ರಿತ ಹೊಲಗಳಲ್ಲಿ ರಾಗಿ, ಹುರುಳಿ ಮತ್ತು ಅವರೆ ಬೆಳೆಯುತ್ತವೆ. ರಸಬಾಳೆ ನಂಜನಗೂಡಿನ ಹೆಸರನ್ನೇ ಹೊತ್ತ ಹಣ್ಣು.

ರಾತ್ರಿಯೂಟ ಸಾಮಾನ್ಯವಾಗಿ ಸರಳ. ರಾಗಿಮುದ್ದೆ, ಅನ್ನ, ಸೊಪ್ಪಿನ ಸಾರು, ಬಸ್ಸಾರು, ಉಪ್ಪುಸಾರು ಮತ್ತು ಖಾರ, ಹುರುಳಿಕಾಳಿನ ಸಾರು, ಹಿದಕಿದ ಅವರೆಬೇಳೆ, ಬದನೆಕಾಯಿ ಎಣ್ಣೆಗಾಯಿ ಮತ್ತು ಮಜ್ಜಿಗೆ ಇದರಲ್ಲಿ ಸೇರುತ್ತವೆ. ಮಾಂಸಾಹಾರಿ ಮನೆಗಳಲ್ಲಿ ನಾಟಿಕೋಳಿ ಸಾರು, ಕುರಿ ಅಥವಾ ಆಡಿನ ಮಾಂಸದ ಸಾರು ಮತ್ತು ಹೊಳೆಮೀನಿನ ಸಾರು ವಿಶೇಷ ದಿನಗಳ ಅಡುಗೆ.

ಊಟಕ್ಕೆ ಹೊಂದಿಕೆ

ಯುರೋಪಿನ ಹೊಂದಾಣಿಕೆಯ ಸೂತ್ರಗಳು ಈ ಅಡುಗೆಗೆ ನೇರವಾಗಿ ಅನ್ವಯಿಸುವುದಿಲ್ಲ. ಖಾರ, ಹುಳಿ ಮತ್ತು ಮಸಾಲೆಗಳು ಇಲ್ಲಿಯ ಸಾರಿನ ಜೀವಾಳವಾಗಿರುವುದೇ ಇದಕ್ಕೆ ಕಾರಣ. ಕೆಲವು ಸಾಮಾನ್ಯ ತತ್ತ್ವಗಳು ಹೀಗಿವೆ:

* ಖಾರ: ಮೆಣಸಿನಕಾಯಿಯ ಉರಿಯನ್ನು ಮದ್ಯಸಾರ ಹೆಚ್ಚಿಸುತ್ತದೆ, ಒಗರು ಆ ಉರಿಯನ್ನು ಇನ್ನಷ್ಟು ಕೆರಳಿಸುತ್ತದೆ. ಆದ್ದರಿಂದ ಉಪ್ಪುಸಾರಿನ ಖಾರದೊಂದಿಗೆ ಕಡುಒಗರಿನ ಕ್ಯಾಬರ್ನೆ ಹೊಂದುವುದಿಲ್ಲ. ಮದ್ಯಸಾರ ಕಡಿಮೆಯಿರುವ, ಹಣ್ಣಿನ ರುಚಿ ಮುಂದಾಗಿರುವ, ತುಸು ಸಿಹಿಯಿರುವ ವೈನ್ ವಾಸಿ.
* ಮಾಂಸ: ಟ್ಯಾನಿನ್ ಮಾಂಸದ ಪ್ರೋಟೀನ್ ಮತ್ತು ಕೊಬ್ಬಿನೊಂದಿಗೆ ಬೆರೆತಾಗ ಒಗರು ಮೆದುವಾಗುತ್ತದೆ. ಮೆಣಸು, ಚಕ್ಕೆ, ಲವಂಗ ಹಾಕಿದ ಕುರಿಮಾಂಸದ ಸಾರಿಗೆ ಶಿರಾಜ್ ಒಪ್ಪುತ್ತದೆ. ಆ ತಳಿಯ ವೈನಿನಲ್ಲಿಯೂ ಕಾಳುಮೆಣಸಿನ ಪರಿಮಳವಿರುತ್ತದೆ.
* ಹುಳಿ: ಹುಣಸೆಹಣ್ಣಿನ ಹುಳಿ ಮುಂದಾದ ಸಾರಿನೆದುರು ವೈನ್ ಸಪ್ಪೆಯೆನಿಸುತ್ತದೆ. ಹುಳಿ ಮಿತವಾಗಿರುವ ಹಿದಕಿದಬೇಳೆ, ಎಣ್ಣೆಗಾಯಿ ಮತ್ತು ಕಾಳಿನ ಪಲ್ಯಗಳಿಗೆ ಮೆರ್ಲೋದಂಥ ಮೆದು ವೈನ್ ಹೊಂದುತ್ತದೆ.
* ಮೀನು: ಕೆಂಪು ವೈನಿನಲ್ಲಿರುವ ಕಬ್ಬಿಣದ ಅಂಶವು ಮೀನಿನ ವಾಸನೆಯನ್ನು ಎತ್ತಿ ತೋರಿಸಬಲ್ಲುದು. ಹೊಳೆಮೀನಿನ ಸಾರಿಗೆ ಕೆಂಪು ವೈನ್ ಸೂಕ್ತವಲ್ಲ.
* ಮೊಸರು: ಮೊಸರನ್ನ, ಮಜ್ಜಿಗೆಯ ಜೊತೆ ಕೆಂಪು ವೈನ್ ಹಿಡಿಸುವುದಿಲ್ಲ. ಊಟದ ಕೊನೆಯ ಮೊಸರಿಗೆ ಮುನ್ನವೇ ಲೋಟ ಮುಗಿದಿರುವುದು ಉಚಿತ.

ರಾಗಿಮುದ್ದೆಗೆ ತನ್ನದೇ ಆದ ತೀವ್ರ ರುಚಿಯಿಲ್ಲ. ಹಾಗಾಗಿ ಹೊಂದಿಕೆಯನ್ನು ನೋಡಬೇಕಾದದ್ದು ಸಾರಿನೊಂದಿಗೆ.

ಬೆಲೆ ಮತ್ತು ಆಯ್ಕೆ

ಹೊರದೇಶದ ವೈನ್ ಮೇಲಿನ ಆಮದು ಸುಂಕ ಭಾರತದಲ್ಲಿ ಬಹುಕಾಲ ಶೇ. 150ರಷ್ಟಿತ್ತು. ಆದ್ದರಿಂದ ಕಡಿಮೆ ಬೆಲೆಗೆ ಸಿಗುವುದು ಸಾಮಾನ್ಯವಾಗಿ ಕರ್ನಾಟಕ ಅಥವಾ ಮಹಾರಾಷ್ಟ್ರದ ವೈನ್. ಮದ್ಯವು ಸರಕು ಮತ್ತು ಸೇವಾ ತೆರಿಗೆಯ ವ್ಯಾಪ್ತಿಗೆ ಬರುವುದಿಲ್ಲ. ರಾಜ್ಯದ ಅಬಕಾರಿ ಸುಂಕಕ್ಕೆ ತಕ್ಕಂತೆ ಬೆಲೆ ಬದಲಾಗುತ್ತದೆ. ಸೀಸೆಯ ಮೇಲೆ ಗರಿಷ್ಠ ಚಿಲ್ಲರೆ ಬೆಲೆ ಮುದ್ರಿತವಾಗಿರುತ್ತದೆ.

ಅತ್ಯಂತ ಅಗ್ಗದ ಸಾಲಿನಲ್ಲಿ 'ಪೋರ್ಟ್' ಎಂಬ ಹೆಸರಿನ ಸಿಹಿ ವೈನ್‌ಗಳಿವೆ. ಪೋರ್ಚುಗಲ್ಲಿನ ಡೋರೊ ಕಣಿವೆಯ ಮೂಲ ಪೋರ್ಟ್‌ಗೂ ಇವಕ್ಕೂ ಹೆಸರಿನ ಹೋಲಿಕೆ ಮಾತ್ರ. ಇವುಗಳಲ್ಲಿ ಸಕ್ಕರೆ ಹೆಚ್ಚು. ಸಿಹಿಯಾಗಿರುವುದರಿಂದ ಷರಬತ್ತಿನಂತೆ ಅರಿವಿಲ್ಲದೆ ಹೆಚ್ಚು ಕುಡಿಯುವ ಸಂಭವವಿದೆ. ಮಧುಮೇಹಿಗಳಿಗೆ ಇವು ಎರಡು ಬಗೆಯಲ್ಲಿ ಹಾನಿಕರ. ಕೊಳ್ಳುವ ಮುನ್ನ ಚೀಟಿಯಲ್ಲಿ ದ್ರಾಕ್ಷಿಯ ತಳಿ, ಮದ್ಯಸಾರದ ಶೇಕಡಾ ಪ್ರಮಾಣ ಮತ್ತು ತಯಾರಾದ ವರ್ಷವನ್ನು ಗಮನಿಸಬೇಕು. ಬಿಸಿಲು ಬೀಳುವ ಕಪಾಟಿನಲ್ಲಿ ಬಹುಕಾಲ ನಿಂತ ಸೀಸೆಯ ರುಚಿ ಕೆಟ್ಟಿರಬಹುದು.

ಬಡಿಸುವ ಮತ್ತು ಕಾಪಾಡುವ ಕ್ರಮ

ಕೆಂಪು ವೈನನ್ನು 'ಕೋಣೆಯ ಉಷ್ಣತೆ'ಯಲ್ಲಿ ಬಡಿಸಬೇಕೆಂಬ ಮಾತು ಯುರೋಪಿನ ತಂಪು ಮನೆಗಳನ್ನು ಕುರಿತದ್ದು. ಅದು ಸುಮಾರು 16ರಿಂದ 18 ಡಿಗ್ರಿ ಸೆಲ್ಸಿಯಸ್. ಮೈಸೂರು ಸೀಮೆಯ ಬೇಸಿಗೆಯ ಸಂಜೆ ಅದಕ್ಕಿಂತ ಬಹಳ ಬೆಚ್ಚಗಿರುವುದರಿಂದ ಸೀಸೆಯನ್ನು ಅರ್ಧಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯುವುದು ಒಳ್ಳೆಯದು. ವಿಶೇಷ ಲೋಟಗಳ ಅಗತ್ಯವಿಲ್ಲ. ಸಾಧಾರಣ ಗಾಜಿನ ಲೋಟ ಸಾಕು. ತೆರೆದ ಸೀಸೆಯನ್ನು ಮುಚ್ಚಳ ಬಿಗಿದು ಫ್ರಿಜ್ಜಿನಲ್ಲಿಟ್ಟರೆ ಮೂರರಿಂದ ಐದು ದಿನ ಬಳಸಬಹುದು. ಆಮೇಲೆ ಗಾಳಿ ತಗುಲಿ ಅದು ವಿನೆಗರಿನತ್ತ ತಿರುಗುತ್ತದೆ. ಒಂದೇ ರಾತ್ರಿಯಲ್ಲಿ ಸೀಸೆ ಮುಗಿಸಬೇಕೆಂಬ ಕಟ್ಟುಪಾಡೇನೂ ಇಲ್ಲ.

ಆರೋಗ್ಯ

ಕೆಂಪು ವೈನ್ ಹೃದಯಕ್ಕೆ ಒಳ್ಳೆಯದೆಂಬ ನಂಬಿಕೆ 1990ರ ದಶಕದಲ್ಲಿ ಜಗತ್ತಿನಾದ್ಯಂತ ಹರಡಿತು. ಕೊಬ್ಬಿನಂಶದ ಆಹಾರ ತಿಂದರೂ ಫ್ರೆಂಚರಲ್ಲಿ ಹೃದ್ರೋಗ ಕಡಿಮೆಯೆಂಬ ಅವಲೋಕನಕ್ಕೆ ವೈನೇ ಕಾರಣವೆಂದು ಆಗ ಊಹಿಸಲಾಯಿತು. ದ್ರಾಕ್ಷಿಯ ಸಿಪ್ಪೆಯ ರೆಸ್ವೆರಾಟ್ರಾಲ್ ಎಂಬ ಅಂಶವೂ ಪ್ರಸಿದ್ಧಿಗೆ ಬಂತು. ಆದರೆ ವೈನಿನಲ್ಲಿ ಅದರ ಪ್ರಮಾಣ ಅತ್ಯಲ್ಪ. ಮಿತವಾಗಿ ಕುಡಿಯುವವರ ಆದಾಯ, ಆಹಾರ ಮತ್ತು ಜೀವನಕ್ರಮ ಉತ್ತಮವಾಗಿರುವುದೂ ಅವರ ಆರೋಗ್ಯಕ್ಕೆ ಕಾರಣವಾಗಿರಬಹುದೆಂದು ನಂತರದ ಅಧ್ಯಯನಗಳು ತೋರಿಸಿದವು. ಮದ್ಯವು ಕ್ಯಾನ್ಸರ್‌ಕಾರಕವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲಿಯೇ ವರ್ಗೀಕರಿಸಿದೆ. ಯಾವ ಪ್ರಮಾಣದ ಮದ್ಯಪಾನವೂ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿತು. ಆದ್ದರಿಂದ ಕುಡಿಯದವರು ಆರೋಗ್ಯಕ್ಕಾಗಿ ವೈನ್ ಆರಂಭಿಸಲು ಕಾರಣವಿಲ್ಲ.

ಪ್ರಮಾಣದ ಲೆಕ್ಕ ಹೀಗಿದೆ. ಶೇ. 13ರಷ್ಟು ಮದ್ಯಸಾರವಿರುವ 750 ಮಿ.ಲೀ. ಸೀಸೆಯಲ್ಲಿ ಸುಮಾರು 77 ಗ್ರಾಂ ಶುದ್ಧ ಮದ್ಯಸಾರವಿರುತ್ತದೆ. ಅದನ್ನು ಐದು ಲೋಟ ಮಾಡಿದರೆ 150 ಮಿ.ಲೀ.ನ ಒಂದೊಂದು ಲೋಟದಲ್ಲಿ ಸುಮಾರು 15 ಗ್ರಾಂ. ಇದು ಶೇ. 42.8ರ 45 ಮಿ.ಲೀ. ವಿಸ್ಕಿಗೆ ಸಮ. ವೈನ್ ಸೌಮ್ಯವೆಂಬ ಭಾವನೆ ಲೋಟದ ಗಾತ್ರದೆದುರು ನಿಲ್ಲುವುದಿಲ್ಲ. ಗರ್ಭಿಣಿಯರು, ಮಕ್ಕಳು, ಯಕೃತ್ತಿನ ತೊಂದರೆಯುಳ್ಳವರು, ಹಿಂದೆ ಕುಡಿತದ ಚಟವಿದ್ದವರು ಸಂಪೂರ್ಣವಾಗಿ ದೂರವಿರಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಖಿನ್ನತೆ ಮೊದಲಾದವಕ್ಕೆ ಔಷಧ ಸೇವಿಸುವವರು ವೈದ್ಯರನ್ನು ಕೇಳದೆ ಕುಡಿಯಬಾರದು.

ಕಾನೂನು

ರಾಜ್ಯದಲ್ಲಿ ಮದ್ಯದ ತಯಾರಿಕೆ ಮತ್ತು ಮಾರಾಟವನ್ನು 1965ರ ಕರ್ನಾಟಕ ಅಬಕಾರಿ ಕಾಯ್ದೆ ಮತ್ತು ಅದರ ನಿಯಮಗಳು ನಿಯಂತ್ರಿಸುತ್ತವೆ. ಮದ್ಯ ಖರೀದಿಯ ವಯೋಮಿತಿಯನ್ನು 21ರಿಂದ 18ಕ್ಕೆ ಇಳಿಸುವ ಕರಡು ನಿಯಮ 2023ರಲ್ಲಿ ಪ್ರಕಟವಾಗಿ, ವಿರೋಧ ಬಂದ ಮೇಲೆ ಹಿಂತೆಗೆದುಕೊಳ್ಳಲಾಯಿತು. ಪರವಾನಗಿಯಿಲ್ಲದೆ ಮದ್ಯ ತಯಾರಿಸಿ ಮಾರುವುದು ಅಪರಾಧ. ಗಾಂಧಿ ಜಯಂತಿಯಂದು ಮದ್ಯ ಮಾರಾಟವಿರುವುದಿಲ್ಲ. ವಾಹನ ಚಲಾಯಿಸುವವರ 100 ಮಿ.ಲೀ. ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರವಿದ್ದರೆ ಮೋಟಾರು ವಾಹನ ಕಾಯ್ದೆಯ 185ನೇ ವಿಧಿಯಂತೆ ಶಿಕ್ಷೆಯಾಗುತ್ತದೆ.

ಸಾಮಾಜಿಕ ದೃಷ್ಟಿ

ಮಾದಕ ಪಾನೀಯಗಳ ನಿಷೇಧಕ್ಕೆ ರಾಜ್ಯವು ಪ್ರಯತ್ನಿಸಬೇಕೆಂದು ಸಂವಿಧಾನದ 47ನೇ ವಿಧಿ ಹೇಳುತ್ತದೆ. ಅದೇ ವೇಳೆ ಅಬಕಾರಿ ಸುಂಕ ರಾಜ್ಯದ ಆದಾಯದ ದೊಡ್ಡ ಮೂಲವಾಗಿದೆ. ಈ ವಿರೋಧಾಭಾಸ ಗ್ರಾಮೀಣ ಬದುಕಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಕುಡಿತ ಇಲ್ಲಿ ಊಟದ ಜೊತೆಗಿನ ಸವಿಯಾಗಿ ಬಂದದ್ದಲ್ಲ. ಬಹುಮಟ್ಟಿಗೆ ಅದು ಗಂಡಸರು ಮನೆಯ ಹೊರಗೆ, ಊಟಕ್ಕೆ ಮುನ್ನ, ಅಮಲಿಗಾಗಿ ಕುಡಿಯುವ ರೂಢಿ. ದಿನಗೂಲಿಯ ಹಣ ಅಂಗಡಿಗೆ ಸಲ್ಲುವುದು, ಅದರ ದುಷ್ಪರಿಣಾಮವನ್ನು ಹೆಂಗಸರು ಮತ್ತು ಮಕ್ಕಳು ಅನುಭವಿಸುವುದು ಅನೇಕ ಊರುಗಳ ಸಂಕಟ. ನಂಜನಗೂಡಿನ ಕ್ಷೇತ್ರಮಹಿಮೆ, ಅದೇ ತಾಲ್ಲೂಕಿನ ಸುತ್ತೂರು ಮಠದ ಪರಂಪರೆ, ಬದನವಾಳಿನ ಖಾದಿ ಕೇಂದ್ರಕ್ಕೆ ಗಾಂಧೀಜಿ ಭೇಟಿ ನೀಡಿದ ನೆನಪು ಇವೆಲ್ಲವೂ ಮದ್ಯವಿರೋಧಿ ಮನೋಭಾವವನ್ನು ಪೋಷಿಸಿವೆ.

ಮನೆಯವರೆಲ್ಲರ ಎದುರಿನಲ್ಲಿ, ಊಟದೊಂದಿಗೆ, ಅಳತೆಯಿಟ್ಟು ಕುಡಿಯುವ ಕ್ರಮವು ಕುಡಿತವನ್ನು ಹದ್ದಿನಲ್ಲಿಡುತ್ತದೆಂದು ವೈನ್ ನೀತಿಯ ಸಮರ್ಥಕರು ಹೇಳುತ್ತಾರೆ. ಮದ್ಯವನ್ನು ಅಡುಗೆಮನೆಗೆ ತಂದರೆ ಮಕ್ಕಳ ಕಣ್ಣಿಗೆ ಅದು ಸಹಜವಾಗಿ ತೋರುತ್ತದೆಂಬುದು ವಿರೋಧಿಗಳ ವಾದ. ಎರಡು ವಾದಗಳಲ್ಲಿಯೂ ಹುರುಳಿದೆ. ವೈನ್ ಬೇಡವೆನ್ನುವವರಿಗೆ ಬೆಂಗಳೂರು ನೀಲಿಯ ತಾಜಾ ರಸ ಅದೇ ದ್ರಾಕ್ಷಿಯ ಬಣ್ಣ ಮತ್ತು ಪರಿಮಳವನ್ನು ಮದ್ಯಸಾರವಿಲ್ಲದೆ ಕೊಡುತ್ತದೆ. ಅದಕ್ಕೂ ಬೇಕಾಗುವುದು ಅದೇ ಬೆಳೆಗಾರನ ಫಸಲು.