ಗೂಡಿನ ಲೆಕ್ಕ, ಫೋನಿನ ಲೆಕ್ಕ

ಚಿಕ್ಕಬಳ್ಳಾಪುರ ಜಿಲ್ಲೆಯ ಪೆರೇಸಂದ್ರದಲ್ಲಿ 44ನೇ ರಾಷ್ಟ್ರೀಯ ಹೆದ್ದಾರಿಯ ಬದಿಗೆ ನಿಂತರೆ ಹೈದರಾಬಾದ್ ಕಡೆಗೂ ಬೆಂಗಳೂರು ಕಡೆಗೂ ಲಾರಿಗಳ ಸಾಲು ಮುಗಿಯುವುದಿಲ್ಲ. ಬೆಂಗಳೂರು ದಿಕ್ಕಿಗೆ ಸುಮಾರು ನಲವತ್ತು ಕಿ.ಮೀ. ಹೋದರೆ ದೇವನಹಳ್ಳಿ, ಅದೇ ಸೀಮೆಯಲ್ಲಿ ಐಫೋನ್ ಜೋಡಿಸುವ ಫಾಕ್ಸ್‌ಕಾನ್ ಕಾರ್ಖಾನೆ. ಅದಕ್ಕೂ ಮುಂಚೆ ಚಿಕ್ಕಬಳ್ಳಾಪುರದಲ್ಲೇ ಎಡಕ್ಕೆ ಹೊರಳಿದರೆ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ. ಎರಡೂ ಕಸುಬಿಗೆ ಚೀನಾದ ನಂಟು ಉಂಟು, ಎರಡನ್ನೂ ಕೊರೊನಾ ಅಲುಗಾಡಿಸಿತು. ಫೋನು ಜಾಗ ಬದಲಿಸಿ ನಮ್ಮ ಪಕ್ಕಕ್ಕೆ ಬಂತು. ರೇಷ್ಮೆ ಮೂರೇ ವರ್ಷಕ್ಕೆ ಹಳೆಯ ದಾರಿ ಹಿಡಿಯಿತು.

ಮೊದಲು ಹುಳುವಿನ ಲೆಕ್ಕ ನೋಡೋಣ. 2020ರ ಮಾರ್ಚ್ 24ರ ರಾತ್ರಿ ಎಂಟಕ್ಕೆ 21 ದಿನಗಳ ಲಾಕ್‌ಡೌನ್ ಘೋಷಣೆಯಾಯಿತು. ಕಾರ್ಖಾನೆಗಾದರೆ ಸ್ವಿಚ್ ಇರುತ್ತದೆ, ಹುಳುವಿಗೆ ಇಲ್ಲ. ನೂರು ಮೊಟ್ಟೆ (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪಿಗೆ ರೈತರ ಮಾತಿನಲ್ಲಿ ಒಂದು ಮೊಟ್ಟೆ) ಚಾಕಿ, ಅಂದರೆ ಎಳೆಹುಳು, ತಂದವನ ಮನೆಯಲ್ಲಿ ನಲವತ್ತರಿಂದ ಐವತ್ತು ಸಾವಿರ ಹುಳು. ಅವಕ್ಕೆ ಹೆಚ್ಚುಕಡಿಮೆ ಒಂದು ಟನ್ ಸೊಪ್ಪು ಬೇಕು, ಅದರಲ್ಲಿ ಐದನೇ ನಾಲ್ಕು ಪಾಲು ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ಮೇಲಿನ ಒಂದೇ ವಾರದಲ್ಲಿ. ಆಮೇಲೆ ಹುಳು ಹಣ್ಣಾಗಿ, ಚಂದ್ರಿಕೆ ಎಂಬ ತಟ್ಟಿ ಹತ್ತಿ, ಗೂಡು ಕಟ್ಟುತ್ತದೆ. ಕಟ್ಟಿದ ಹತ್ತು-ಹನ್ನೆರಡು ದಿನಕ್ಕೆ ಚಿಟ್ಟೆ ಗೂಡನ್ನು ತೂತು ಮಾಡಿಕೊಂಡು ಹೊರಬೀಳುತ್ತದೆ. ತೂತಾದ ಗೂಡು ನೂಲು ತೆಗೆಯುವ ರೀಲರಿಗೆ ಬೇಡ. ಹಾಗಾಗಿ ದರ ನೆಲಕಚ್ಚಿದಾಗಲೂ ರೈತ ಸಿಕ್ಕ ಬೆಲೆಗೆ ಕೊಟ್ಟು ಬರಬೇಕಾಯಿತು. 

ಇನ್ನು ಆಮದು. ಕೇಂದ್ರ ರೇಷ್ಮೆ ಮಂಡಳಿಯ ಲೆಕ್ಕದಲ್ಲಿ 2019-20ರಲ್ಲಿ ದೇಶಕ್ಕೆ ಬಂದ ಕಚ್ಚಾ ರೇಷ್ಮೆ 3,315 ಟನ್, ಬಹುಪಾಲು ಚೀನಾದ್ದು. 2020-21ರಲ್ಲಿ ಅದು 1,804 ಟನ್ನಿಗೆ ಇಳಿಯಿತು, ಮರುವರ್ಷ 1,978. ಇದೇನು ಮಹಾ ಎನ್ನಬೇಡಿ. ಹೊರಗಿಂದ ಬರುವುದು ಹೆಚ್ಚಾಗಿ ಉತ್ತಮ ದರ್ಜೆಯ ದ್ವಿತಳಿ (ಬೈವೋಲ್ಟೈನ್) ನೂಲು. 2019-20ರಲ್ಲಿ ನಮ್ಮ ದೇಶ ತೆಗೆದ ದ್ವಿತಳಿ ನೂಲೇ 7,009 ಟನ್. ಅಂದರೆ ನಾವು ಎರಡು ಕಿಲೋ ತೆಗೆದರೆ ಹೊರಗಿಂದ ಸರಿಸುಮಾರು ಒಂದು ಕಿಲೋ ಬರುತ್ತಿತ್ತು. ಒಂದೇ ವರ್ಷದಲ್ಲಿ ಬಾರದೆ ಹೋದದ್ದು 1,511 ಟನ್. ಕಿಲೋ ನೂಲಿಗೆ ಆರೂವರೆ ಕಿಲೋ ಗೂಡು ಹಿಡಿದರೆ 98 ಲಕ್ಷ ಕಿಲೋ ಗೂಡಾಯಿತು. ನೂರು ಮೊಟ್ಟೆಗೆ 65 ಕಿಲೋ ಇಳುವರಿಯಂತೆ ಒಂದೂವರೆ ಕೋಟಿ ಮೊಟ್ಟೆ. ಲಾಕ್‌ಡೌನಿನ ಪೆಟ್ಟು ಕಳೆದ ಮೇಲೆ ದರ ಏರಿದ್ದಕ್ಕೆ ಈ ಖಾಲಿ ಜಾಗವೂ ಒಂದು ಕಾರಣ. 2022ರ ಆರಂಭದ ಹೊತ್ತಿಗೆ ರಾಮನಗರದಲ್ಲಿ ಒಳ್ಳೆಯ ದ್ವಿತಳಿ ಗೂಡು ಕಿಲೋಗೆ ಸಾವಿರ ರೂಪಾಯಿ ಮುಟ್ಟಿತು.

ಕಂಟೇನರ್ ಬಾಡಿಗೆ ಏರಿದ್ದರಿಂದಲೇ ಚೀನಾ ರೇಷ್ಮೆ ನಿಂತಿತು ಎನ್ನುವವರಿದ್ದಾರೆ. ಲೆಕ್ಕ ಹಾಗೆ ಹೇಳುವುದಿಲ್ಲ. ಹಡಗು ಸಾಗಣೆಯ ದರ ಗಮನಿಸುವ ಡ್ರೂರಿ ಸಂಸ್ಥೆಯ ಸೂಚ್ಯಂಕದಲ್ಲಿ 40 ಅಡಿ ಕಂಟೇನರಿನ ಸರಾಸರಿ ಬಾಡಿಗೆ 2019ರಲ್ಲಿ 1,420 ಡಾಲರ್ ಇದ್ದದ್ದು 2021ರ ಸೆಪ್ಟೆಂಬರಿನಲ್ಲಿ 10,377ಕ್ಕೆ ಹೋಯಿತು. ಅಷ್ಟು ಕೊಟ್ಟೇ ಹತ್ತು ಟನ್ ರೇಷ್ಮೆ ತಂದರೆಂದು ಇಟ್ಟುಕೊಳ್ಳಿ. ಬಾಡಿಗೆ ಕಿಲೋಗೆ 10 ರೂಪಾಯಿಯಿಂದ 77ಕ್ಕೆ ಏರುತ್ತದೆ, ಹೆಚ್ಚಿದ್ದು 67 ರೂಪಾಯಿ. 2021ರ ಫೆಬ್ರವರಿಯ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಸುಂಕವನ್ನು ಶೇ 10ರಿಂದ 15ಕ್ಕೆ ಏರಿಸಿತ್ತು. ಕಿಲೋ ನೂಲಿಗೆ 4,000 ರೂಪಾಯಿ ಹಿಡಿದರೆ ಆ ಏರಿಕೆಯ ಹೊರೆ 200 ರೂಪಾಯಿ. ಹಡಗಿಗಿಂತ ಸುಂಕದ ಏಟೇ ಮೂರು ಪಟ್ಟು.

ಅಷ್ಟಾದರೂ 2022-23ರಲ್ಲಿ ಆಮದು 3,874 ಟನ್! ಕೊರೊನಾಕ್ಕೆ ಮುಂಚಿಗಿಂತ ಹೆಚ್ಚು. ಇಲ್ಲಿನ ನೂಲು ದುಬಾರಿಯಾದಾಗ ಶೇ 15ರ ಸುಂಕ ಕಟ್ಟಿಯೂ ತರಿಸಲು ಗಿಟ್ಟಿತು ಎಂದೇ ನಾನು ತಿಳಿಯುತ್ತೇನೆ. ನಾವು ಸುಮ್ಮನೆ ಕೂತಿರಲಿಲ್ಲ ಎಂಬುದನ್ನೂ ಹೇಳಬೇಕು. ದ್ವಿತಳಿ ನೂಲು ಆ ವರ್ಷ 8,904 ಟನ್ನಿಗೆ ಮುಟ್ಟಿತು, ಮೂರು ವರ್ಷದಲ್ಲಿ ಶೇ 27ರ ಏರಿಕೆ. ಆದರೂ ಆಮದನ್ನು ತಡೆಯಲು ಅದು ಸಾಲಲಿಲ್ಲ.

ಪಿಡುಗಿನಿಂದ ರೇಷ್ಮೆಯ ದಾರಿ ತಿರುಗಿದ್ದು ಇದೇ ಮೊದಲಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಕಾಯಿಲೆ ಬಿದ್ದದ್ದು ಹುಳುವಿಗೆ. ಗಂಟುರೋಗದಿಂದ ಫ್ರಾನ್ಸಿನ ಗೂಡು 1853ರ 26,000 ಟನ್ನಿನಿಂದ 1865ಕ್ಕೆ 4,000 ಟನ್ನಿಗೆ ಬಿತ್ತು. ಲೂಯಿ ಪಾಶ್ಚರ್ ಸೂಕ್ಷ್ಮದರ್ಶಕ ಹಿಡಿದು ಹುಳುಮನೆಗೆ ಹೋದದ್ದು ಆಗಲೇ. ಯುರೋಪಿನ ವ್ಯಾಪಾರಿಗಳು ರೋಗವಿಲ್ಲದ ಮೊಟ್ಟೆ ಹುಡುಕಿಕೊಂಡು ಜಪಾನಿನವರೆಗೆ ಅಲೆದರು.

ಈಗ ಫೋನು. ಎಲೆಕ್ಟ್ರಾನಿಕ್ಸ್ ತಯಾರಿಕೆಗೆ ಉತ್ಪಾದನೆ ಆಧಾರಿತ ಪ್ರೋತ್ಸಾಹಧನದ ಯೋಜನೆಗೆ ಅಧಿಸೂಚನೆ ಬಿದ್ದದ್ದು 2020ರ ಏಪ್ರಿಲ್ 1ರಂದು, ಲಾಕ್‌ಡೌನಿನ ಎಂಟನೇ ದಿನ. ಐದು ವರ್ಷಕ್ಕೆ 40,951 ಕೋಟಿ ರೂಪಾಯಿ, ಹೆಚ್ಚುವರಿ ಮಾರಾಟದ ಮೇಲೆ ಶೇ 4ರಿಂದ 6. ಒಂದೇ ದೇಶವನ್ನು ನಂಬಿ ಕೂರಬಾರದೆಂಬ ಕಂಪನಿಗಳ ಭಯ ಅತ್ತ, ಸರ್ಕಾರದ ದುಡ್ಡು ಇತ್ತ. 2022ರ ಕೊನೆಯಲ್ಲಿ ಚೀನಾದ ಝೆಂಗ್‌ಝೌ ಫಾಕ್ಸ್‌ಕಾನ್ ಕಾರ್ಖಾನೆಯಿಂದ ಕೊರೊನಾ ನಿರ್ಬಂಧಕ್ಕೆ ಬೇಸತ್ತ ಕೆಲಸಗಾರರು ಗಂಟುಮೂಟೆ ಹೊತ್ತು ನಡೆದೇ ಊರು ಸೇರಿದ್ದನ್ನು ಜಗತ್ತು ನೋಡಿತು. 2023ರ ಮೇನಲ್ಲಿ ಫಾಕ್ಸ್‌ಕಾನ್ ದೇವನಹಳ್ಳಿಯಲ್ಲಿ 300 ಎಕರೆಗೆ 300 ಕೋಟಿ ರೂಪಾಯಿ ಕೊಟ್ಟಿತು. ಅದೇ ವರ್ಷ ಕೋಲಾರದ ನರಸಾಪುರದ ವಿಸ್ಟ್ರಾನ್ ಘಟಕವನ್ನು ಟಾಟಾ 12.5 ಕೋಟಿ ಡಾಲರಿಗೆ ಕೊಂಡಿತು. 2019-20ರಲ್ಲಿ 27,000 ಕೋಟಿಯ ಆಸುಪಾಸಿನಲ್ಲಿದ್ದ ದೇಶದ ಮೊಬೈಲ್ ರಫ್ತು 2024-25ಕ್ಕೆ 2 ಲಕ್ಷ ಕೋಟಿ ರೂಪಾಯಿ.

ರೇಷ್ಮೆಗೆ ಸರ್ಕಾರ ಏನೂ ಕೊಟ್ಟಿಲ್ಲವೆಂದಲ್ಲ. ಸಿಲ್ಕ್ ಸಮಗ್ರ-2 ಯೋಜನೆಗೆ 2021-22ರಿಂದ 2025-26ರ ವರೆಗಿನ ಐದು ವರ್ಷಕ್ಕೆ ಇಡೀ ದೇಶಕ್ಕೆ 4,679 ಕೋಟಿ ಇತ್ತು. ಆದರೆ ಹುಳುಮನೆಗೆ, ಯಂತ್ರಕ್ಕೆ ಸಹಾಯಧನ ಸಿಗುವುದು ಬೇರೆ, ತೆಗೆದ ಪ್ರತಿ ಕಿಲೋ ನೂಲಿಗೆ ಸಿಗುವುದು ಬೇರೆ. ಕರ್ನಾಟಕ 2022-23ರಲ್ಲಿ ತೆಗೆದ ನೂಲು 11,823 ಟನ್. ಕಿಲೋಗೆ 4,000 ಹಿಡಿದು ಶೇ 5 ಕೊಟ್ಟರೆ ವರ್ಷಕ್ಕೆ 236 ಕೋಟಿ, ಐದು ವರ್ಷಕ್ಕೆ 1,180 ಕೋಟಿ. ಫೋನಿಗೆ ತೆಗೆದಿಟ್ಟಿದ್ದರಲ್ಲಿ ಶೇ 3 ಕೂಡ ಆಗದು. ಶಿಡ್ಲಘಟ್ಟದ ರೀಲರ್ ಇವತ್ತು ಗೂಡಿನ ಹರಾಜು ಕೂಗುವುದೂ ಮೊಬೈಲಿನಲ್ಲೇ. ಆ ಮೊಬೈಲಿಗೆ ಕೊಟ್ಟ ರೀತಿಯಲ್ಲೇ ಅವನ ನೂಲಿಗೂ ಕೊಡಿ.