ಹೂಗಿಡದ ಕುಲ ಮತ್ತು ಹುಟ್ಟೂರು

ಬೆಳಗಾವಿಯಿಂದ ಬಾಗಲಕೋಟೆಯ ದಾರಿ ಹಿಡಿದರೆ ಸುಮಾರು ಹತ್ತು ಕಿಲೋಮೀಟರಿಗೆ ಸಾಂಬ್ರಾ ಸಿಗುತ್ತದೆ. ವಿಮಾನ ನಿಲ್ದಾಣದಿಂದಾಗಿ ಊರಿನ ಹೆಸರು ದೂರದವರಿಗೂ ಪರಿಚಿತ. ಇಲ್ಲಿ ಮನೆಯ ಮುಂದೆ ಕಣಗಿಲೆ, ದಾಸವಾಳ, ಚೆಂಡು ಹೂವು, ಕಾಗದದ ಹೂವಿನ ಬಳ್ಳಿ ಬೆಳೆಸುವುದು ರೂಢಿ. ನೆಡುವಾಗ ಹೂವಿನ ಬಣ್ಣ ನೋಡುವವರೇ ಹೆಚ್ಚು. ಆ ಗಿಡ ಯಾವ ಕುಟುಂಬದ್ದು, ಎಲ್ಲಿಂದ ಬಂದದ್ದು ಎಂದು ವಿಚಾರಿಸುವವರು ಕಡಿಮೆ. ಹಿತ್ತಲಿನ ಪಕ್ಕದಲ್ಲಿಯೇ ಕೊಟ್ಟಿಗೆ, ಕಾಯಿಪಲ್ಲೆಯ ಮಡಿ ಇರುವ ರೈತರಿಗೆ ಇದು ಅವಶ್ಯ ತಿಳಿದಿರಬೇಕಾದ ವಿಷಯ.

ಕಣಗಿಲೆಯನ್ನೇ ತೆಗೆದುಕೊಳ್ಳಬಹುದು. ಇದು ಅಪೋಸೈನೇಸಿ ಎಂಬ ಕುಟುಂಬಕ್ಕೆ ಸೇರಿದೆ. ಈ ಕುಟುಂಬದ ಬಹಳಷ್ಟು ಗಿಡಗಳಲ್ಲಿ ಎಲೆ ಮುರಿದರೆ ರಸ ಒಸರುತ್ತದೆ, ಅನೇಕವು ವಿಷಕಾರಿ. ಮೆಡಿಟರೇನಿಯನ್ ಸಮುದ್ರದ ಸುತ್ತಲಿನಿಂದ ಏಷ್ಯಾದವರೆಗೆ ಹಬ್ಬಿರುವ ಕಣಗಿಲೆಯೂ, ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದಿಂದ ಬಂದ ಹಳದಿ ಕಣಗಿಲೆಯೂ ಹೃದಯದ ಬಡಿತವನ್ನೇ ಕೆಡಿಸುವ ವಿಷ ಹೊಂದಿವೆ. ದನಕರುಗಳು ನಿಂತ ಗಿಡಕ್ಕೆ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಅದಕ್ಕೆಂದೇ ಕೆಲವರು ಇದನ್ನು ಬೇಲಿಗೆ ಹಾಕುತ್ತಾರೆ. ಅಪಾಯ ಬರುವುದು ಬೇಲಿ ಸವರಿದಾಗ. ಕತ್ತರಿಸಿದ ಟೊಂಗೆ ಮೇವಿನಲ್ಲಿ ಬೆರೆತರೆ ಎಮ್ಮೆ, ಆಕಳು ಅರಿಯದೆ ತಿನ್ನುತ್ತವೆ. ಒಣಗಿದ ಎಲೆಯಲ್ಲಿಯೂ ವಿಷ ಉಳಿಯುತ್ತದೆ; ಸ್ವಲ್ಪವೇ ತಿಂದರೂ ದೊಡ್ಡ ದನ ಸಾಯಬಹುದು. ಸವರಿದ ಟೊಂಗೆಗಳನ್ನು ಆಗಿಂದಾಗ್ಗೆ ಆಯ್ದು ಗುಂಡಿಯಲ್ಲಿ ಹೂಳಬೇಕು. ತಿಂದಿದೆಯೆಂಬ ಸಂಶಯ ಬಂದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಪಶುವೈದ್ಯರನ್ನು ಕರೆಸಬೇಕು. ಹಳದಿ ಕಣಗಿಲೆಯ ಬೀಜ ಮಕ್ಕಳ ಕೈಗೆ ಸಿಗಬಾರದು.

ಮಡಗಾಸ್ಕರ್ ದ್ವೀಪದ ನಿತ್ಯಪುಷ್ಪವೂ ಇದೇ ಕುಟುಂಬದ್ದು. ಅದರಿಂದ ತೆಗೆದ ಔಷಧಿಗಳನ್ನು ರಕ್ತದ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಬಳಸುತ್ತಾರೆ. ಹಾಗೆಂದು ಮನೆಯಲ್ಲಿ ಕಷಾಯ ಕಾಯಿಸಿ ಕುಡಿಯುವುದು ತಪ್ಪು.

ದಾಸವಾಳದ ಸಂಗತಿ ಬೇರೆ. ಸಸ್ಯಶಾಸ್ತ್ರದ ಹೆಸರಿನ ಅರ್ಥ ಚೀನಾದ ಗುಲಾಬಿ ಎಂದಾದರೂ ಕಾಡಿನಲ್ಲಿ ತಾನಾಗಿ ಬೆಳೆದದ್ದು ಸಿಕ್ಕಿಲ್ಲ. ಇದು ಮಾಲ್ವೇಸಿ ಕುಟುಂಬದ್ದು, ಅಂದರೆ ಹತ್ತಿ ಮತ್ತು ಬೆಂಡೆಯ ದಾಯಾದಿ. ಹತ್ತಿಯನ್ನು ಕಾಡುವ ಹಿಟ್ಟು ತಿಗಣೆ, ಹೇನುಗಳು ದಾಸವಾಳದ ಮೇಲೂ ಕೂರುತ್ತವೆ. ಬೆಂಡೆಯ ಮಡಿಯ ಬದುವಿನಲ್ಲಿ ದಾಸವಾಳ ನೆಟ್ಟರೆ ಬೆಳೆಯಿಲ್ಲದ ದಿನಗಳಲ್ಲಿಯೂ ಕೀಟಗಳಿಗೆ ಆಶ್ರಯ ಕೊಟ್ಟಂತಾಗುತ್ತದೆ. ಬಿಳಿ ಹಿಟ್ಟು ಕಂಡ ಕುಡಿಯನ್ನು ಕೂಡಲೇ ಕತ್ತರಿಸಿ ಸುಡುವುದು ಲೇಸು. ದಕ್ಷಿಣ ಅಮೆರಿಕದ ಪೆಟೂನಿಯಾ ಹೀಗೆಯೇ ಟೊಮೆಟೊ, ಮೆಣಸಿನಕಾಯಿ, ಆಲೂಗಡ್ಡೆಗಳ ನೆಂಟ. ಸಸಿಮಡಿಯ ಹತ್ತಿರ ಅದು ಬೇಡ.

ಎಲ್ಲ ಪರದೇಶಿ ಗಿಡಗಳೂ ಕೆಟ್ಟವಲ್ಲ. ಆಸ್ಟರೇಸಿ ಕುಟುಂಬದ ಚೆಂಡು ಹೂವು ಮೆಕ್ಸಿಕೊದಿಂದ ಬಂದು ದೀಪಾವಳಿಗೆ ಬೇಕೇಬೇಕೆನ್ನುವಷ್ಟು ನಮ್ಮದಾಗಿದೆ. ಟೊಮೆಟೊ ಹಾಕುವ ಭೂಮಿಯಲ್ಲಿ ಅದನ್ನು ಬೆಳೆದರೆ ಬೇರುಗಂಟು ಜಂತುಹುಳುವಿನ ಬಾಧೆ ತಗ್ಗುತ್ತದೆ. ಆದರೆ ಅಲಂಕಾರಕ್ಕೆಂದು 19ನೇ ಶತಮಾನದಲ್ಲಿ ಭಾರತಕ್ಕೆ ತಂದ ಅಮೆರಿಕದ ಲಂಟಾನ ಇಂದು ಗೋಮಾಳ, ಕಾಡಂಚುಗಳನ್ನು ನುಂಗಿದೆ. ಅದರ ಎಲೆ ತಿಂದ ದನಗಳಿಗೆ ಯಕೃತ್ತು ಕೆಟ್ಟು ಕಾಮಾಲೆಯಾಗುತ್ತದೆ, ಬಿಸಿಲಿಗೆ ಚರ್ಮ ಸುಲಿಯುತ್ತದೆ. ಬಣ್ಣಕ್ಕೆ ಮರುಳಾಗಿ ಇದನ್ನು ಅಂಗಳಕ್ಕೆ ತರಲೇಬಾರದು.

ಹುಟ್ಟೂರಿನ ಅರಿವು ನೀರು, ಮಣ್ಣಿನ ವಿಷಯದಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಕಾಗದದ ಹೂವಿನ ಬಳ್ಳಿ ದಕ್ಷಿಣ ಅಮೆರಿಕದ್ದು. 1760ರ ದಶಕದಲ್ಲಿ ಭೂಪ್ರದಕ್ಷಿಣೆಗೆ ಹೊರಟ ಫ್ರೆಂಚ್ ನಾವಿಕ ಬೋಗನ್‌ವಿಲ್‌ನ ಹೆಸರು ಅದಕ್ಕೆ ಅಂಟಿಕೊಂಡಿದೆ. ಬಿಸಿಲು ಮತ್ತು ಬಸಿಯುವ ಮಣ್ಣು ಅದಕ್ಕೆ ಪ್ರಿಯ. ನೀರು ಹಿಡಿದಿಡುವ ಎರೆ ಮಣ್ಣಿನಲ್ಲಿ ದಿನವೂ ನೀರುಣಿಸಿದರೆ ಬರೀ ಎಲೆ ಬಿಡುತ್ತದೆ, ಬೇರೂ ಕೊಳೆಯಬಹುದು. ಏರುಮಡಿಯಲ್ಲಿ ನೆಟ್ಟು, ಮಣ್ಣು ಒಣಗಿದ ಮೇಲೆ ನೀರು ಕೊಟ್ಟರೆ ಬಣ್ಣ ತುಂಬಿ ಬರುತ್ತದೆ.

ಕೇಪಳ ಮಾತ್ರ ನಮ್ಮ ದಕ್ಷಿಣ ಭಾರತದ್ದೇ ಗಿಡ, ಕಾಫಿಯ ಕುಟುಂಬದ್ದು. ಖಾನಾಪುರದ ಕಡೆಯ ಮಳೆ, ಜಂಬಿಟ್ಟಿಗೆ ಮಣ್ಣು ಅದಕ್ಕೆ ಒಗ್ಗುತ್ತವೆ. ಅದನ್ನೇ ಸುಣ್ಣದಂಶವುಳ್ಳ ಎರೆ ಮಣ್ಣಿಗೆ ತಂದು ನೆಟ್ಟರೆ ಕಬ್ಬಿಣದ ಅಂಶ ಸಿಗದೆ ಎಳೆ ಎಲೆಗಳು ಹಳದಿಯಾಗುತ್ತವೆ. ದೂರದ ಮೆಕ್ಸಿಕೊದ ಗಿಡ ನಗುವಲ್ಲಿ ನೆರೆಯ ಘಟ್ಟದ ಗಿಡ ಸೊರಗುವುದು ವಿಚಿತ್ರವೆನಿಸಬಹುದು! ಮೊಣಕಾಲು ಆಳದ ಗುಂಡಿ ತೋಡಿ, ಕೆಂಪು ಮಣ್ಣು ಮತ್ತು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಸಮನಾಗಿ ಬೆರೆಸಿ ತುಂಬಿ, ಮಳೆಗಾಲದ ಆರಂಭದಲ್ಲಿ ನೆಟ್ಟರೆ ಅಲ್ಲಿಯೂ ಚೇತರಿಸಿಕೊಳ್ಳುತ್ತದೆ.