ಪಹಣಿಯಲ್ಲಿ ಹೆಸರಿಲ್ಲದ ಹಿಡುವಳಿದಾರರು

ವೈಟ್‌ಫೀಲ್ಡ್‌ನ ಸಾಫ್ಟ್‌ವೇರ್ ಸಂಸ್ಥೆಯೊಂದರಲ್ಲಿ ದುಡಿಯುವ ನನ್ನ ಮಗ ಕೆಲವು ತಿಂಗಳ ಹಿಂದೆ ಸಣ್ಣದೊಂದು ಕೊಳವೆಗೆ ಎಂಜಲು ತುಂಬಿ ಡಿಎನ್‌ಎ ಪರೀಕ್ಷೆಗೆ ಕಳುಹಿಸಿದ್ದ. ಜೊತೆಯವರೆಲ್ಲ ಮಾಡಿಸಿದ್ದರಂತೆ. ವರದಿ ಬಂದ ಭಾನುವಾರ ಪೀಣ್ಯದ ಬಳಿಯ ನಮ್ಮ ಮನೆಗೆ ಊಟಕ್ಕೆ ಬಂದವನು, ‘ಅಪ್ಪಾ, ನನ್ನಲ್ಲಿ ಹೆಚ್ಚುಕಡಿಮೆ ಶೇ 2ರಷ್ಟು ನಿಯಾಂಡರ್ತಲ್ ಅಂಶ ಇದೆಯಂತೆ. ಅದು ನಿಮ್ಮ ಕಡೆಯದೋ, ಅಮ್ಮನ ಕಡೆಯದೋ?’ ಎಂದು ಕೇಳಿದ. ‘ಅದರಲ್ಲಿ ಸಂಶಯವೇನು, ನಿಮ್ಮಪ್ಪನ ಕಡೆಯದೇ’ ಎಂದು ಅಡುಗೆಮನೆಯಿಂದ ಉತ್ತರ ಬಂತು.

ವಿಜ್ಞಾನದ ತೀರ್ಪು ಇಷ್ಟು ಏಕಪಕ್ಷೀಯವಾಗಿಲ್ಲ. ನಿಯಾಂಡರ್ತಲ್ ಮಾನವನ ಜೀನೋಮ್ ಅನ್ನು ಸ್ವಾಂಟೆ ಪೇಬೊ ಅವರ ತಂಡ 2010ರಲ್ಲಿ ಓದಿ ಪ್ರಕಟಿಸಿತು. ಅದೇ ವರ್ಷ ಸೈಬೀರಿಯಾದ ಡೆನಿಸೋವಾ ಗುಹೆಯಲ್ಲಿ ದೊರೆತ ಕಿರುಬೆರಳಿನ ಮೂಳೆಯ ಚೂರಿನಿಂದ ಅದುವರೆಗೆ ಯಾರೂ ಹೆಸರಿಸದಿದ್ದ ಇನ್ನೊಂದು ಮಾನವ ಬಳಗ ಬೆಳಕಿಗೆ ಬಂತು. ಪೇಬೊ ಅವರಿಗೆ 2022ರಲ್ಲಿ ನೊಬೆಲ್ ಬಂದದ್ದು ಈ ಸಾಧನೆಗಳಿಗಾಗಿ. ಭಾರತದ 2,762 ಜನರ ಜೀನೋಮ್‌ಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2025ರಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಭಾರತೀಯರಲ್ಲಿ ಶೇ 1ರಿಂದ 2ರಷ್ಟು ನಿಯಾಂಡರ್ತಲ್ ಅಂಶವಿದೆ. ಒಬ್ಬೊಬ್ಬರಲ್ಲಿ ಒಂದೊಂದು ತುಣುಕು ಇರುವುದರಿಂದ, ಎಲ್ಲರಲ್ಲಿರುವುದನ್ನು ಒಟ್ಟು ಸೇರಿಸಿದರೆ ಆ ಜೀನೋಮಿನ ಸುಮಾರು ಅರ್ಧ ಭಾಗವನ್ನೇ ಮರಳಿ ಜೋಡಿಸಬಹುದಂತೆ. ಡೆನಿಸೋವನ್ನರದ್ದು ಸುಮಾರು ಶೇ 20. ಜಾತಿ, ಗೋತ್ರ, ಮಠಗಳ ಲೆಕ್ಕದಲ್ಲಿ ಸಂಬಂಧ ಹುಡುಕುವ ನಮ್ಮ ಬೀಗರ ಪಟ್ಟಿಯಲ್ಲಿ ಈ ಹೆಸರುಗಳು ಎಂದೂ ಇರಲಿಲ್ಲ.

ಮಗನ ಎರಡನೆಯ ಪ್ರಶ್ನೆ ಹೆಚ್ಚು ತೊಡಕಿನದಾಗಿತ್ತು. ‘ಹಾಗಾದರೆ ಅವರು ನಮ್ಮ ಕಡೆಯಲ್ಲೂ ಇದ್ದರಾ?’

ನಿಯಾಂಡರ್ತಲ್ಲರ ಒಂದು ಮೂಳೆಯೂ ಭಾರತದಲ್ಲಿ ಸಿಕ್ಕಿಲ್ಲ. ಆಫ್ರಿಕಾದಿಂದ ಹೊರಟ ನಮ್ಮ ಪೂರ್ವಜರು ಸುಮಾರು 50 ಸಾವಿರ ವರ್ಷಗಳ ಹಿಂದೆ, ಬಹುಶಃ ಪಶ್ಚಿಮ ಏಷ್ಯಾದ ಆಸುಪಾಸಿನಲ್ಲಿ, ಅವರೊಡನೆ ಬೆರೆತು ಆ ಅಂಶವನ್ನು ಮೈಯಲ್ಲಿ ಹೊತ್ತುಕೊಂಡೇ ಇಲ್ಲಿಗೆ ಬಂದರು. ಆದರೆ ಅವರು ಬರುವಾಗ ಈ ನೆಲ ಬರಿದಾಗಿರಲಿಲ್ಲ. ಇಲ್ಲಿದ್ದವರು ಯಾರು? ಮಧ್ಯಪ್ರದೇಶದ ಹಥ್ನೋರಾದಲ್ಲಿ, ನರ್ಮದೆಯ ದಂಡೆಯ ಮೇಲೆ, ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ಅರುಣ್ ಸೋನಾಕಿಯಾ ಅವರಿಗೆ 1982ರಲ್ಲಿ ತಲೆಬುರುಡೆಯ ಮೇಲ್ಭಾಗವೊಂದು ಸಿಕ್ಕಿತು. ಮೊದಲು ಅದನ್ನು ಹೋಮೊ ಎರೆಕ್ಟಸ್ ಎಂದರು, ಬಳಿಕ ಹೋಮೊ ಸೇಪಿಯನ್ಸ್‌ನ ಪುರಾತನ ರೂಪವೆಂದು ವಾದಿಸಿದರು. ಅದರ ವಯಸ್ಸಿನ ಬಗೆಗೂ ಒಮ್ಮತವಿಲ್ಲ. ಇಡೀ ಉಪಖಂಡದ ಪ್ರಾಚೀನ ಮಾನವನ ಬಗ್ಗೆ ನಮ್ಮ ಕೈಯಲ್ಲಿರುವ ಮೂಳೆಯ ಸಾಕ್ಷ್ಯದಲ್ಲಿ ಮುಖ್ಯವಾದದ್ದು ಇದೊಂದೇ ಎನ್ನಬೇಕು.

ಇದಕ್ಕೆ ನಮ್ಮ ಹವೆಯೇ ಬಹುಮಟ್ಟಿಗೆ ಕಾರಣ. ಡಿಎನ್‌ಎ ಚಳಿಯಲ್ಲಿ ಉಳಿಯುತ್ತದೆ, ಸೆಖೆಯಲ್ಲಿ ಮುರಿದು ಪುಡಿಯಾಗುತ್ತದೆ. ಸ್ಪೇನ್‌ನ ತಣ್ಣನೆಯ ಗುಹೆಯೊಂದರಲ್ಲಿ ನಾಲ್ಕು ಲಕ್ಷ ವರ್ಷಕ್ಕೂ ಹಿಂದಿನ ಮಾನವ ಸಂಬಂಧಿಗಳ ಡಿಎನ್‌ಎಯನ್ನು 2016ರಲ್ಲಿ ಓದಲು ಸಾಧ್ಯವಾಯಿತು. ಹರಿಯಾಣದ ರಾಖಿಗಢಿಯಲ್ಲಿ ಹೂತಿದ್ದವರು ಬರೀ ನಾಲ್ಕೂವರೆ ಸಾವಿರ ವರ್ಷಗಳ ಹಿಂದಿನವರು. ಅಲ್ಲಿ ಪರೀಕ್ಷಿಸಿದ 61 ಮಾದರಿಗಳಲ್ಲಿ ಒಂದರಿಂದ ಮಾತ್ರ, ಅದೂ ಹರಸಾಹಸಪಟ್ಟು, 2019ರಲ್ಲಿ ಜೀನೋಮ್ ತೆಗೆದರು. ಹೀಗಿರುವಾಗ ಕೃಷ್ಣಾ ತೀರದ ಬಿಸಿಲಿನಲ್ಲಿ ಹನ್ನೆರಡು ಲಕ್ಷ ವರ್ಷಗಳ ಹಿಂದಿನ ಡಿಎನ್‌ಎಯನ್ನು ಯಾರೂ ನಿರೀಕ್ಷಿಸಲಾರರು.

ಕೃಷ್ಣಾ ತೀರವನ್ನು ಸುಮ್ಮನೆ ಹೆಸರಿಸಲಿಲ್ಲ. ಇಂದಿನ ಯಾದಗಿರಿ ಜಿಲ್ಲೆಯ ಹುಣಸಗಿಯ ಬಳಿ ಇಸಾಂಪುರ ಎಂಬ ಹಳ್ಳಿಯಿದೆ. ಪುಣೆಯ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯ ಅವರು ಹುಣಸಗಿ–ಬೈಚಬಾಳ ಕಣಿವೆಗಳನ್ನು ದಶಕಗಳ ಕಾಲ ಕಾಲ್ನಡಿಗೆಯಲ್ಲಿ ಶೋಧಿಸಿ, ಹಳೆ ಶಿಲಾಯುಗದ ಇನ್ನೂರಕ್ಕೂ ಹೆಚ್ಚು ನೆಲೆಗಳನ್ನು ಗುರುತಿಸಿದರು. ಅವುಗಳಲ್ಲಿ ಇಸಾಂಪುರ ಅನನ್ಯವಾದದ್ದು. 1997ರಿಂದ 2001ರವರೆಗೆ ಅಲ್ಲಿ ಉತ್ಖನನ ನಡೆಯಿತು. ಮುಕ್ಕಾಲು ಹೆಕ್ಟೇರ್‌ನಷ್ಟು ಜಾಗದಲ್ಲಿ ಸುಣ್ಣದ ಕಲ್ಲಿನ ಚಪ್ಪಡಿಗಳು, ಅವುಗಳಿಂದ ಕಿತ್ತ ಚಕ್ಕೆಗಳು, ಅರ್ಧಕ್ಕೆ ಕೈಬಿಟ್ಟ ಕೈಗೊಡಲಿಗಳು, ಬಡಿಯಲು ಬಳಸಿದ ಸುತ್ತಿಗೆ ಕಲ್ಲುಗಳು, ಎಲ್ಲವೂ ಬಿಟ್ಟುಹೋದ ಸ್ಥಿತಿಯಲ್ಲೇ ಉಳಿದಿದ್ದವು. ಅಲ್ಲೇ ಸಿಕ್ಕ ಪ್ರಾಣಿಗಳ ಹಲ್ಲಿನ ಎನಾಮಲ್ ಪರೀಕ್ಷಿಸಿದಾಗ ದೊರೆತ ಕಾಲ ಸುಮಾರು 12 ಲಕ್ಷ ವರ್ಷ. ನಾವು, ಅಂದರೆ ಹೋಮೊ ಸೇಪಿಯನ್ಸ್, ಹುಟ್ಟಿಯೇ ಸುಮಾರು ಮೂರು ಲಕ್ಷ ವರ್ಷ ಎಂಬುದನ್ನು ನೆನೆದರೆ ಇಸಾಂಪುರದ ಕೆಲಸಗಾರರು ನಮ್ಮವರಲ್ಲ. ಹೋಮೊ ಎರೆಕ್ಟಸ್ ಇರಬಹುದೆಂಬುದು ಊಹೆ. ಕಲ್ಲು ತನ್ನನ್ನು ಕೆತ್ತಿದವನ ಹೆಸರು ಹೇಳುವುದಿಲ್ಲ.

ಆದರೆ ಅವನು ಹೇಗೆ ದುಡಿದ ಎಂಬುದನ್ನು ಮಾತ್ರ ವಿವರವಾಗಿ ಹೇಳುತ್ತದೆ. ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿ ಲೇಥ್ ಯಂತ್ರದ ಬುಡದಲ್ಲಿ ಉಕ್ಕಿನ ಸುರುಳಿಗಳು ರಾಶಿ ಬಿದ್ದಿರುತ್ತವೆ. ಗುಜರಿಯವನು ಅವನ್ನು ಒಯ್ಯುವ ಮುನ್ನ ಅನುಭವಿ ಕೆಲಸಗಾರನೊಬ್ಬ ನೋಡಿದರೆ, ಯಾವ ಲೋಹ, ಎಂಥ ಅಲಗು, ಕೈ ಪಳಗಿದೆಯೇ ಇಲ್ಲವೇ ಎಂದು ಹೇಳಿಬಿಡುತ್ತಾನೆ. ಪದ್ದಯ್ಯನವರ ತಂಡ ಇಸಾಂಪುರದಲ್ಲಿ ಮಾಡಿದ್ದೂ ಇಂಥದೇ ಕೆಲಸ. ಚಪ್ಪಡಿಯನ್ನು ಮೇಲಕ್ಕೆತ್ತಿ ಅಂಚು ಸವರಿದ್ದು, ದೊಡ್ಡ ಚಕ್ಕೆ ಹೊಡೆದದ್ದು, ಅದನ್ನು ಕೈಗೊಡಲಿಯಾಗಿ ತಿದ್ದಿದ್ದು ಇವೆಲ್ಲವನ್ನೂ ಹಂತಹಂತವಾಗಿ ಬಿಡಿಸಿದರು. ಬಡಿಯುವುದಕ್ಕೆ ಸುಣ್ಣದ ಕಲ್ಲು ಸಾಲದೆಂದು ಬಸಾಲ್ಟ್, ಕ್ವಾರ್ಟ್‌ಜೈಟ್‌ಗಳಂಥ ಗಟ್ಟಿ ಕಲ್ಲುಗಳನ್ನು ತಂದಿದ್ದರು. ಅರ್ಥಶಾಸ್ತ್ರದ ಎಂ.ಎ. ತರಗತಿಯಲ್ಲಿ ನಾವು ಓದಿದ್ದ ಆಲ್ಫ್ರೆಡ್ ವೆಬರ್‌ನ ಸಿದ್ಧಾಂತ, ಕಚ್ಚಾವಸ್ತು ಭಾರವಾಗಿದ್ದು ತಯಾರಿಕೆಯಲ್ಲಿ ತೂಕ ಕಳೆದುಕೊಳ್ಳುವುದಾದರೆ ಕಾರ್ಖಾನೆ ಗಣಿಯ ಬಳಿಯೇ ನಿಲ್ಲಬೇಕೆನ್ನುತ್ತದೆ. ಅದನ್ನು ಓದದವರು ಕಾರ್ಖಾನೆಯನ್ನು ಸರಿಯಾಗಿ ಗಣಿಯ ಮೇಲೆಯೇ ಕಟ್ಟಿದ್ದರು. ಬೇಸಿಗೆಯಲ್ಲೂ ಒರತೆ ಒಸರುವ ಕಣಿವೆಯನ್ನೂ ಆರಿಸಿಕೊಂಡಿದ್ದರು. ಪೀಣ್ಯದಲ್ಲಿ ನಿವೇಶನ ಹಂಚಿಕೆಯಾದ ಬಳಿಕ ನೀರಿಗಾಗಿ ಟ್ಯಾಂಕರ್ ಕಾಯುವ ಉದ್ಯಮಿಗಳನ್ನು ಕಂಡಿರುವ ನನಗೆ ಈ ವಿವೇಕ ಸಣ್ಣದೆನಿಸುವುದಿಲ್ಲ.

ನಾನು ಇಸಾಂಪುರವನ್ನು ನೋಡಿದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಕಾಲುವೆಗಳಿಗಾಗಿ ಭೂಸ್ವಾಧೀನ ಮಾಡಿಸುವ ಹುದ್ದೆಯಲ್ಲಿದ್ದಾಗ. ಜೀಪು ನಿಲ್ಲಿಸಿ ಹೋದರೆ, ದಾರ ಕಟ್ಟಿ ಚೌಕಗಳಾಗಿ ವಿಂಗಡಿಸಿದ ಗುಂಡಿಯಲ್ಲಿ ನಾಲ್ಕಾರು ಮಂದಿ ಕುಕ್ಕರುಗಾಲಿನಲ್ಲಿ ಕುಳಿತು ಕುಂಚದಿಂದ ಮಣ್ಣು ಸರಿಸುತ್ತಿದ್ದರು. ದಂಡೆಯಲ್ಲಿ ನಿಂತಿದ್ದ ರೈತರೊಬ್ಬರು, ‘ಸಾಹೇಬ್ರ, ನಮ್ಮ ಹೊಲದಾಗ ಇಂಥ ಕಲ್ಲು ಬೇಕಾದಷ್ಟು ಅದಾವ್ರಿ. ಆರಿಸಿ ಆರಿಸಿ ಬದುವಿಗೆ ಒಗದೀವಿ’ ಎಂದರು. ನಾನು ನಕ್ಕೆ. ಇಸಾಂಪುರ 1983ರಲ್ಲಿ ಕಣ್ಣಿಗೆ ಬಿದ್ದದ್ದೇ, ನೀರಾವರಿ ಕೆಲಸಕ್ಕೆಂದು ಅಲ್ಲಿಯ ಮೇಲ್ಮಣ್ಣನ್ನು ಅಗೆದು ಸಾಗಿಸಿದ್ದರಿಂದ ಎಂದು ಅನಂತರ ಓದಿ ತಿಳಿದೆ. ಇನ್ನೊಂದು ಮೊಳ ಆಳಕ್ಕೆ ಹೋಗಿದ್ದರೆ ಆ ಕಾರ್ಖಾನೆಯೂ ಕಾಲುವೆಯ ಏರಿಯಲ್ಲಿ ಸೇರಿಹೋಗುತ್ತಿತ್ತು.

ಭೂಸ್ವಾಧೀನದ ಐತೀರ್ಪು ಬರೆಯುವಾಗ ಹುಣಿಸೆಮರ ಎಷ್ಟು, ಬೇವಿನಮರ ಎಷ್ಟು, ಬಾವಿಗೆ ಕಲ್ಲು ಕಟ್ಟಿದೆಯೇ ಇಲ್ಲವೇ ಎಂದು ಎಣಿಸಿ ಬೆಲೆ ಕಟ್ಟುತ್ತೇವೆ. ಪಹಣಿಯಲ್ಲಿ ಮಣ್ಣಿನ ಗುಣಕ್ಕೆ, ನೀರಾವರಿ ಮೂಲಕ್ಕೆ, ಮರಗಳಿಗೆ ಅಂಕಣಗಳಿವೆ. ನಾನು ಸಹಿ ಹಾಕಿದ ಹಲವಾರು ಐತೀರ್ಪುಗಳಲ್ಲಿ ಬದುವಿನ ಕಲ್ಲುಗಳ ಬಗ್ಗೆ ಒಂದು ಸಾಲೂ ಇಲ್ಲ. ಮಹಜರಿನ ದಿನ ಯಾರನ್ನಾದರೂ ಕರೆಸಿ ತೋರಿಸಬಹುದಿತ್ತು. ಅದಕ್ಕೆ ಕಾನೂನಿನ ಅಡ್ಡಿ ಇರಲಿಲ್ಲ, ನನಗೇ ಹೊಳೆಯಲಿಲ್ಲ. ನೀರು ಬಂದಮೇಲೆ ಜೋಳ, ತೊಗರಿಯ ಹೊಲಗಳನ್ನು ಯಂತ್ರಗಳಿಂದ ಮಟ್ಟಮಾಡಿ ಭತ್ತದ ಗದ್ದೆಗಳನ್ನಾಗಿ ಮಾಡಿದರು. ರೈತರನ್ನು ದೂರುವಂತಿಲ್ಲ. ತಲೆಮಾರುಗಳಿಂದ ಮಳೆ ಕಾದವರು ಅವರು. ನಾನು ಸ್ವಾಧೀನಪಡಿಸಿಕೊಟ್ಟ ಸರ್ವೆ ನಂಬರುಗಳಲ್ಲಿ ಏನೇನು ಹೋಯಿತೆಂಬ ಲೆಕ್ಕ ಮಾತ್ರ ಇನ್ನು ಸಿಗದು.

ಇದು ಕೇವಲ ಮುದಿ ಅಧಿಕಾರಿಯ ಹಳಹಳಿಕೆಯಾಗಿ ಉಳಿಯದಿರಲು ಕಾರಣವಿದೆ. ಡಿಎನ್‌ಎ ಅಳಿದ ಬಳಿಕವೂ ಹಲ್ಲಿನ ಎನಾಮಲ್‌ನಲ್ಲಿ ಪ್ರೋಟೀನು ಉಳಿಯುತ್ತದೆ, ಅದನ್ನು ಓದಿಯೂ ಬಳಗ ಗುರುತಿಸಬಹುದು ಎಂಬುದು ಈಚಿನ ವರ್ಷಗಳಲ್ಲಿ ಸಾಬೀತಾಗಿದೆ. ತೈವಾನ್ ಬಳಿ ಸಮುದ್ರತಳದಿಂದ ಮೀನುಗಾರರ ಬಲೆಗೆ ಬಂದಿದ್ದ ದವಡೆಯೊಂದು ಡೆನಿಸೋವನ್ನನದೆಂದು 2025ರಲ್ಲಿ ಪ್ರೋಟೀನಿನಿಂದಲೇ ಗೊತ್ತಾಯಿತು. ದಕ್ಷಿಣ ಆಫ್ರಿಕಾದ ಪ್ಯಾರಾಂತ್ರೋಪಸ್ ಹಲ್ಲುಗಳಿಂದ, ಸುಮಾರು 20 ಲಕ್ಷ ವರ್ಷಗಳ ಬಳಿಕ, ಪ್ರೋಟೀನು ಪಡೆದದ್ದೂ ಅದೇ ವರ್ಷ. ಎರಡೂ ಸೈಬೀರಿಯಾದಂಥ ಚಳಿಯ ಪ್ರದೇಶಗಳಲ್ಲ. ಇಸಾಂಪುರದಲ್ಲಿ ಪ್ರಾಣಿಗಳ ಹಲ್ಲು ಉಳಿದಿದೆಯೆಂದರೆ ಅದೇ ಕಣಿವೆಯಲ್ಲಿ ಆ ಕೆಲಸಗಾರರ ಹಲ್ಲೊಂದು ಉಳಿದಿರುವುದು ಅಸಾಧ್ಯವೇನಲ್ಲ. ಅದು ಸಿಗಬೇಕಾದರೆ ಅಗೆಯದ ನೆಲ ಒಂದಿಷ್ಟಾದರೂ ಇರಬೇಕು, ಮತ್ತು ಅಗೆಯುವ ಮುನ್ನ ನೋಡುವ ಕಣ್ಣು ಬೇಕು. ತಹಸೀಲ್ದಾರರ ಸ್ಥಳ ಪರಿಶೀಲನೆಯ ನಮೂನೆಗೆ ಒಂದು ಅಂಕಣ ಸೇರಿಸುವುದಕ್ಕೆ ಖಜಾನೆಗೆ ಹೊರೆಯೇನೂ ಆಗದು. ಹುಣಸಗಿ ಭಾಗದ ಗ್ರಾಮ ಆಡಳಿತಾಧಿಕಾರಿಗಳಿಗೆ, ಮೋಜಣಿದಾರರಿಗೆ ಕೈಗೊಡಲಿಯನ್ನು ಗುರುತಿಸಲು ಒಂದು ದಿನದ ತರಬೇತಿ ಸಾಕು.

ಮಗನಿಗೆ ಇಷ್ಟೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಊಟ ಆರಿತ್ತು. ಅವನು ಕೇಳಿದ್ದು ಒಂದೇ: ‘ನೀವು ಅಲ್ಲಿಂದ ಒಂದು ಕಲ್ಲನ್ನಾದರೂ ತಂದಿದ್ದೀರಾ?’ ತಂದಿಲ್ಲ, ತರಬಾರದು ಕೂಡ ಎಂದೆ. ಬರುವ ಸಂಕ್ರಾಂತಿಯ ರಜೆಯಲ್ಲಿ ಹುಣಸಗಿಗೆ ಹೋಗೋಣ, ಕಾರನ್ನು ತಾನೇ ಓಡಿಸುತ್ತೇನೆ ಎಂದಿದ್ದಾನೆ. ಆ ರೈತರ ಹೊಲದ ಸರ್ವೆ ನಂಬರನ್ನು ಹಳೆಯ ಡೈರಿಯಲ್ಲಿ ಹುಡುಕುತ್ತಿದ್ದೇನೆ.